ಎಲ್ಲ ಇದೆ, ಭದ್ರಾವತಿ ಇಲ್ಲ

ಎನ್95 ಅನ್ನು ಬರೀ ಫೋನ್ ಎಂದು ಕರೆಯಲು ನೋಕಿಯಾ ಕಂಪನಿಗೆ ಮನಸ್ಸಿರಲಿಲ್ಲ. ಅದರ ಲೆಕ್ಕದಲ್ಲಿ ಅದು ‘ಮಲ್ಟಿಮೀಡಿಯಾ ಕಂಪ್ಯೂಟರ್’. 2006ರ ಸೆಪ್ಟೆಂಬರಿನಲ್ಲಿ ಘೋಷಣೆಯಾಗಿ 2007ರ ಮಾರ್ಚ್ ಹೊತ್ತಿಗೆ ಪೇಟೆಗೆ ಬಂದ ಈ ಯಂತ್ರಕ್ಕೆ ನಮ್ಮ ದೇಶದಲ್ಲಿ 40,000 ರೂಪಾಯಿಯ ಆಸುಪಾಸು ಬೆಲೆ. ಆ ದುಡ್ಡಿಗೆ ಆಗ ಒಂದು ಬೈಕೇ ಬರುತ್ತಿತ್ತು. ಹಾಗಾಗಿ ಅದು ನನ್ನ ಕೈಗೆ ಬಂದದ್ದು ದುಡ್ಡಿನ ದಾರಿಯಿಂದಲ್ಲ, ನೆಂಟಸ್ತನದ ದಾರಿಯಿಂದ. ಲಂಡನ್ನಿನಲ್ಲಿದ್ದ ಭಾವ ಹೊಸದಾಗಿ ಐಫೋನ್ ಕೊಂಡರು. ಹಳೆಯದು 2008ರ ಮೇ ತಿಂಗಳಲ್ಲಿ, ಅಕ್ಕನ ಮಗನ ಉಪನಯನದ ನೆಪದಲ್ಲಿ, ಸಾಗರದ ಹತ್ತಿರದ ನಮ್ಮ ಹಳ್ಳಿಗೆ ಬಂತು. ಹುಡುಗನಿಗೆ ಜನಿವಾರ, ನನಗೆ ಎನ್95.

ನಮ್ಮ ಕಡೆ ಅಲ್ಲಿಯವರೆಗೆ ಫೋನು ಎಂದರೆ ನೋಕಿಯಾ 1100. ಅಪ್ಪನ ಬಳಿ ಇದ್ದದ್ದೂ ಅದೇ. ಕಪ್ಪುಬಿಳುಪು ಪರದೆ, ರಬ್ಬರಿನ ಗುಂಡಿ, ನೆತ್ತಿಯ ಮೇಲೆ ಟಾರ್ಚು. ಅಡಿಕೆ ತೋಟಕ್ಕೆ ಇಳಿಯುವವರಿಗೆ ಆ ಟಾರ್ಚೇ ಮುಖ್ಯ, ಮಾತಾಡಲು ಆಗುವುದು ಅದರ ಮೇಲಿನ ಕೊಸರು. ಎರಡೂ ಒಂದೇ ಕಂಪನಿಯವು ಎಂದರೆ ಮನೆಯಲ್ಲಿ ಯಾರೂ ನಂಬಲಿಲ್ಲ.

ಎನ್95ರ ಮೈ ಎರಡು ಪದರ. ಮೇಲಿನ ಪದರವನ್ನು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿದರೆ ಕೆಳಗೆ ನಂಬರಿನ ಗುಂಡಿಗಳು. ಅದನ್ನೇ ಕೆಳಕ್ಕೆ ಎಳೆದರೆ ತಲೆಯ ಕಡೆಯಲ್ಲಿ ಹಾಡು ನಡೆಸುವ, ನಿಲ್ಲಿಸುವ, ಹಿಂದೆ ಮುಂದೆ ಓಡಿಸುವ ನಾಲ್ಕು ಗುಂಡಿಗಳು ಹೊರಬಿದ್ದು, ಪರದೆಯ ಚಿತ್ರ ತಾನಾಗಿ ಅಡ್ಡ ತಿರುಗುತ್ತಿತ್ತು. ಎರಡು ಕಡೆಗೂ ಜಾರುವ ಈ ವಿದ್ಯೆಯೇ ಅದರ ದೊಡ್ಡಸ್ತಿಕೆ. ಮೇಲೆ ತಳ್ಳಿದಾಗ ಒಂದು ‘ಟಕ್’, ಕೆಳಗೆ ಎಳೆದಾಗ ಇನ್ನೊಂದು ‘ಟಕ್’. ಬ್ಯಾಂಕಿನಲ್ಲಿ ತಿಂಗಳ ಕೊನೆಯ ಮೀಟಿಂಗಿನಲ್ಲಿ ಮೇಜಿನ ಕೆಳಗೆ ನಾನು ಟಕ್ ಟಕ್ ಮಾಡುತ್ತ ಕೂತರೆ ಠೇವಣಿಯ ಗುರಿ ಮುಟ್ಟದ ಬೇಸರ ಅರ್ಧ ಇಳಿಯುತ್ತಿತ್ತು. ಈಗಿನ ಫೋನುಗಳಲ್ಲಿ ಬೇಸರ ಕಳೆಯಲು ಸಾವಿರ ದಾರಿಗಳಿವೆ, ಆದರೆ ಫೋನಿನ ಮೈಯೇ ಆಟಿಕೆಯಾಗುವ ದಾರಿ ಇಲ್ಲ.

ಅಪ್ಪ ಅದನ್ನು ಜಗಲಿಯ ಬೆಳಕಿಗೆ ಹಿಡಿದು, ತಿರುಗಿಸಿ, ಮೊದಲು ಕೇಳಿದ್ದು, “ಇದು ಸಿಡಿಯುತ್ತೇನೋ?”

ಕೇಳಲು ಕಾರಣವಿತ್ತು. ಹಿಂದಿನ ವರ್ಷ ಆಗಸ್ಟಿನಲ್ಲಿ ನೋಕಿಯಾ ತನ್ನ ಬಿಎಲ್-5ಸಿ ಬ್ಯಾಟರಿಗಳ ಪೈಕಿ 4 ಕೋಟಿ 60 ಲಕ್ಷ ಬ್ಯಾಟರಿಗಳು ಚಾರ್ಜ್ ಮಾಡುವಾಗ ಬಿಸಿಯೇರಬಹುದು ಎಂದು ಎಚ್ಚರಿಸಿತ್ತು. 1100ರೊಳಗೆ ಇದ್ದದ್ದೂ 5ಸಿಯೇ. ಸುದ್ದಿ ಊರಿಗೆ ಬರುವಷ್ಟರಲ್ಲಿ ‘ಬಿಸಿಯೇರಬಹುದು’ ಎಂಬುದು ‘ಸಿಡಿಯುತ್ತದೆ’ ಎಂದಾಗಿತ್ತು. ಅಮ್ಮ ಒಂದು ವಾರ ಫೋನನ್ನು ಮನೆಯೊಳಗೆ ಬಿಟ್ಟುಕೊಳ್ಳದೆ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಇಡಿಸಿದ್ದಳು. ಫೋನು ರಿಂಗಾದಾಗೆಲ್ಲ ದನಗಳು ತಿರುಗಿ ನೋಡುತ್ತಿದ್ದವು. ಎನ್95ರಲ್ಲಿ ಇರುವುದು ಬೇರೆ, ಬಿಎಲ್-5ಎಫ್ ಎಂದು ತೋರಿಸಿದೆ. ಅಪ್ಪ ಸಮಾಧಾನಗೊಂಡು ಎರಡನೆಯ ಪ್ರಶ್ನೆಗೆ ಬಂದರು.

“ಟಾರ್ಚ್ ಎಲ್ಲಿ?”

ಟಾರ್ಚ್ ಇರಲಿಲ್ಲ. ಹಿಂಬದಿಯಲ್ಲಿ ಕ್ಯಾಮೆರಾದ ಪಕ್ಕ ಫ್ಲಾಶ್ ಇತ್ತು. ಆದರೆ ಅದು ಫೋಟೊ ತೆಗೆಯುವಾಗ ಮಾತ್ರ ಉರಿಯುವಂಥದ್ದು. ಸುಮ್ಮನೆ ಉರಿಸಬೇಕೆಂದರೆ ಅದಕ್ಕೊಂದು ಪುಟ್ಟ ಪ್ರೋಗ್ರಾಂ ಬೇಕು. ಪರಿಚಯದ ಹುಡುಗನೊಬ್ಬ ಬ್ಲೂಟೂತಿನಲ್ಲಿ ಕಳಿಸಿದ. ಹಾಕಲು ಹೋದರೆ ‘ಸರ್ಟಿಫಿಕೇಟಿನ ಅವಧಿ ಮುಗಿದಿದೆ’ ಎಂದು ಫೋನು ತಡೆಯಿತು. ಸಿಂಬಿಯನ್ ಎಂಬ ಅದರ ಒಳಗಿನ ವ್ಯವಸ್ಥೆಗೆ ರುಜುವಿಲ್ಲದ ಯಾವ ಪ್ರೋಗ್ರಾಮನ್ನೂ ಹತ್ತಿರ ಸೇರಿಸದ ಮಡಿವಂತಿಕೆ. ಇದಕ್ಕೆ ಆಗಿನ ಎನ್95 ಬಳಗದವರಿಗೆಲ್ಲ ಗೊತ್ತಿದ್ದ ಪ್ರಾಯಶ್ಚಿತ್ತ ಒಂದೇ: ಫೋನಿನ ತಾರೀಖನ್ನು ಒಂದು ವರ್ಷ ಹಿಂದಕ್ಕೆ ತಿರುಗಿಸು, ಪ್ರೋಗ್ರಾಂ ಹಾಕು, ತಾರೀಖನ್ನು ಮತ್ತೆ ಇವತ್ತಿಗೆ ತಾ. ನಾನು 2007ಕ್ಕೆ ಹೋಗಿ ಬಂದೆ. ಬೆಳಕು ಹೊತ್ತಿತು.

“ನನ್ನದರಲ್ಲಿ ಗುಂಡಿ ಒತ್ತಿದರೆ ಆಯ್ತು,” ಎಂದರು ಅಪ್ಪ.

ಮೂರನೆಯ ಪ್ರಶ್ನೆ ರೇಡಿಯೊದ್ದು. ಇದಕ್ಕೆ ನಾನು ಕಾದಿದ್ದೆ. ಎನ್95ರಲ್ಲಿ ರೇಡಿಯೊ ಇದೆ, ಎರಡು ತುದಿಗೆ ಎರಡು ಸ್ಪೀಕರುಗಳಿವೆ, ಯಾವ ಅಂಗಡಿಯ ಇಯರ್‌ಫೋನೂ ಹೊಂದುವ 3.5 ಮಿಲಿಮೀಟರಿನ ತೂತಿದೆ ಎಂದು ಬಡಬಡಿಸಿದೆ. ಆ ಕಾಲದ ಫೋನುಗಳಲ್ಲಿ ಈ ತೂತೇ ಒಂದು ವಿಶೇಷ; ಹೆಚ್ಚಿನವಕ್ಕೆ ಕಂಪನಿಯದೇ ಇಯರ್‌ಫೋನ್ ಬೇಕಿತ್ತು. ಅಪ್ಪನಿಗೆ ತೂತಿನ ಮಹಿಮೆ ಬೇಡ. “ಭದ್ರಾವತಿ ಬರುತ್ತಾ?” ಎಂದರು. ಭದ್ರಾವತಿ ಆಕಾಶವಾಣಿ ನಮ್ಮ ಮನೆಗೆ ಬರುತ್ತಿದ್ದದ್ದು ಮೀಡಿಯಂ ವೇವಿನಲ್ಲಿ. ಫೋನಿನಲ್ಲಿ ಇದ್ದದ್ದು ಎಫ್‌ಎಂ ಮಾತ್ರ. ಯಾವ ಎಫ್‌ಎಂ ಅಲೆಯೂ ನಮ್ಮ ಗುಡ್ಡ ಹತ್ತಿ ಇಳಿಯುವ ಶ್ರಮ ತೆಗೆದುಕೊಂಡಿರಲಿಲ್ಲ. ಅಪ್ಪ ಯಂತ್ರವನ್ನು ನನ್ನ ಕೈಗಿಟ್ಟು, “ಎಲ್ಲ ಇದೆ, ಭದ್ರಾವತಿ ಇಲ್ಲ,” ಎಂದು ತೀರ್ಪು ಕೊಟ್ಟು ಹಟ್ಟಿಯ ಕಡೆ ಹೋದರು.

ಆಮೇಲೆ ಎನ್95 ಬಗ್ಗೆ ಎಷ್ಟೋ ವಿಮರ್ಶೆ ಓದಿದ್ದೇನೆ. ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಯಾರೂ ಹೇಳಿಲ್ಲ.

ಏಕೆಂದರೆ ಎಲ್ಲವೂ ಇದ್ದದ್ದು ನಿಜ. ಕಾರ್ಲ್ ಜೈಸ್ ಲೆನ್ಸಿನ 5 ಮೆಗಾಪಿಕ್ಸೆಲ್ ಕ್ಯಾಮೆರಾ, ಸೆಕೆಂಡಿಗೆ 30 ಚೌಕಟ್ಟಿನ ವಿಡಿಯೊ, ವೈಫೈ, 3ಜಿ, ಜಿಪಿಎಸ್, ಬ್ಲೂಟೂತ್, ಟಿವಿಗೆ ಜೋಡಿಸುವ ವೈರು. ಇಷ್ಟೂ 120 ಗ್ರಾಂ ತೂಕದಲ್ಲಿ. ತೊಂದರೆ ಏನೆಂದರೆ ಅದಕ್ಕೆ ಬೇಕಾದ ಪ್ರಪಂಚ ನಮ್ಮಲ್ಲಿ ಇನ್ನೂ ಬಂದಿರಲಿಲ್ಲ. 3ಜಿಯ ಮಾತನ್ನೇ ತೆಗೆದುಕೊಳ್ಳಿ. ನಮ್ಮ ದೇಶದಲ್ಲಿ ಖಾಸಗಿ ಕಂಪನಿಗಳಿಗೆ 3ಜಿ ತರಂಗಗಳ ಹರಾಜು ನಡೆದದ್ದೇ 2010ರಲ್ಲಿ. ಅಂದರೆ ಮುಖ ನೋಡಿಕೊಂಡು ಮಾತಾಡಲೆಂದು ಪರದೆಯ ಮೇಲ್ಬದಿಯಲ್ಲಿ ಕೂರಿಸಿದ್ದ ಆ ಪುಟ್ಟ ಕ್ಯಾಮೆರಾಕ್ಕೆ ನಮ್ಮೂರಿನಲ್ಲಿ ಮಾಡಲು ಕೆಲಸವೇ ಇರಲಿಲ್ಲ. ಹಲ್ಲಿಗೆ ಸಿಕ್ಕಿದ ಮಾವಿನ ನಾರು ನೋಡಿಕೊಳ್ಳಲು ಚೆನ್ನಾಗಿತ್ತು.

ಜಿಪಿಎಸ್‌ನ ಕಥೆ ಇನ್ನೂ ಸೊಗಸು. ಎನ್95ರ ಜಿಪಿಎಸ್ ಆಂಟೆನಾ ಇದ್ದದ್ದು ನಂಬರಿನ ಗುಂಡಿಗಳ ಕೆಳಗೆ. ಹಾಗಾಗಿ ಉಪಗ್ರಹ ಬೇಗ ಸಿಗಬೇಕೆಂದರೆ ಫೋನನ್ನು ಮೇಲಕ್ಕೆ ಜಾರಿಸಿ, ಗುಂಡಿಗಳನ್ನು ಆಕಾಶಕ್ಕೆ ಮುಖಮಾಡಿ, ಅಂಗೈ ಮೇಲೆ ಇಟ್ಟುಕೊಂಡು ಬಯಲಿನಲ್ಲಿ ನಿಲ್ಲಬೇಕು. ಸಿಗ್ನಲ್ ತೋರಿಸುವ ಪಟ್ಟಿಗಳು ಪರದೆಯ ಮೇಲೆ ಒಂದೊಂದಾಗಿ ಏಳುತ್ತವೆ, ಎದ್ದದ್ದು ಮತ್ತೆ ಮಲಗುತ್ತದೆ. ಮೂರು ಎದ್ದು ನಾಲ್ಕನೆಯದಕ್ಕೆ ಕಾಯುವಾಗ ಅಡಿಕೆ ಮರದ ಗರಿ ಅಡ್ಡ ಬಂದರೆ ಮತ್ತೆ ಎರಡಕ್ಕೆ ಇಳಿಯುತ್ತದೆ. ನಾನು ಅಂಗಳದ ನಡುವೆ ಹೀಗೆ ಅಂಗೈ ಎತ್ತಿ ನಿಂತಿದ್ದಾಗ ಪಕ್ಕದ ತೋಟದವರು ಬೇಲಿಯಾಚೆ ಬಹಳ ಹೊತ್ತು ನೋಡಿ, “ಏನ್ ಮಾರಾಯ್ರೆ, ಸೂರ್ಯನಿಗೆ ಆರತಿ ಎತ್ತೋ ಹಾಗಿದೆಯಲ್ಲ?” ಎಂದರು.

“ನಾನು ಎಲ್ಲಿದ್ದೇನೆ ಅಂತ ನೋಡ್ತಿದ್ದೆ.”

“ನಿಮ್ಮ ಮನೆ ಅಂಗಳದಲ್ಲಿದ್ದೀರಿ,” ಎಂದರು ಅವರು. ಉಪಗ್ರಹಕ್ಕಿಂತ ಬೇಗ.

ಕೊನೆಗೆ ಫೋನೂ ಒಪ್ಪಿಕೊಂಡಿತು. ಅಕ್ಷಾಂಶ, ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ಎಲ್ಲ ಬಂತು. ನಕಾಶೆ ತೆಗೆದರೆ ಖಾಲಿ ಬಯಲಿನ ಮೇಲೆ ಒಂದು ಚುಕ್ಕೆ. ರಸ್ತೆಯಿಲ್ಲ, ಊರಿಲ್ಲ, ಕೆರೆಯಿಲ್ಲ. ನಾನಿದ್ದೇನೆ, ಸುತ್ತ ಏನೂ ಇಲ್ಲ. ಅದ್ವೈತದ ಆ ಮಟ್ಟವನ್ನು ಇಂದಿನ ಫೋನುಗಳು ಮುಟ್ಟಲಾರವು. ಅವು ಚುಕ್ಕೆಯ ಸುತ್ತ ಪಂಕ್ಚರ್ ಅಂಗಡಿಯನ್ನೂ ತೋರಿಸುತ್ತವೆ.

ಉಪನಯನದ ಮಾರನೆಯ ದಿನ ಜಗಲಿಯಲ್ಲಿ ಎರಡು ಫೋನುಗಳ ಮುಖಾಮುಖಿ ನಡೆಯಿತು. ಸುತ್ತ ನೆಂಟರು, ನಡುವೆ ಎಲೆಅಡಿಕೆ ತಟ್ಟೆ, ತಟ್ಟೆಯ ಆಚೆ ಭಾವನ ಐಫೋನು, ಈಚೆ ನನ್ನ ಎನ್95. ನಾನು ತಯಾರಾಗಿಯೇ ಬಂದಿದ್ದೆ.

“ನಿಮ್ಮದು ವಿಡಿಯೊ ತೆಗೆಯುತ್ತಾ ಭಾವ?”

“ಇಲ್ಲ.”

“ಜಿಪಿಎಸ್?”

“ಇಲ್ಲ.”

“3ಜಿ?”

“ಇಲ್ಲ.”

“ಫೋಟೊವನ್ನ ಎಮ್ಮೆಮ್ಮೆಸ್ ಮಾಡಬಹುದಾ?”

“ಆಗಲ್ಲ.”

“ಒಂದು ಕಡೆ ಬರೆದದ್ದನ್ನ ಎತ್ತಿ ಇನ್ನೊಂದು ಕಡೆ ಹಾಕೋಕೆ?”

“ಅದೂ ಇಲ್ಲ.”

“ಹೋಗಲಿ, ಫೋನಾದರೂ ಮಾಡಬಹುದಾ?”

ಭಾವ ನಕ್ಕರು. “ಇಲ್ಲಿಯ ಸಿಮ್ ಹಾಕಿದರೆ ಆಗಲ್ಲ. ಒ2 ಕಂಪನಿಯವರ ಬೀಗ ಇದೆ. ಅಲ್ಲಿಯ ಸಿಮ್ಮಿಂದ ಮಾಡಿದರೆ ತೋಟ ಮಾರಬೇಕು.”

ಒಂದೊಂದು ‘ಇಲ್ಲ’ಕ್ಕೂ ನಾನು ಸಭೆಯನ್ನು ಒಮ್ಮೆ ನೋಡುತ್ತಿದ್ದೆ. ಇಷ್ಟಾದ ಮೇಲೆ ಭಾವ ಏನೂ ಹೇಳದೆ ಒಂದು ಫೋಟೊ ತೆರೆದು, ಗಾಜಿನ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸಿದರು. ಮಗುವಿನ ಮೂಗು ಪರದೆ ತುಂಬಿತು. ಸಭೆ ‘ಓ’ ಎಂದಿತು. ಅಡುಗೆಮನೆಯಿಂದ ಬಂದ ಅಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ತಾನೂ ಬೆರಳಾಡಿಸಿದಳು. ಅವಳಿಗೂ ಆಯಿತು! ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಅದೇ ಅಮ್ಮನಿಗೆ ಎನ್95ರಲ್ಲಿ ಫೋಟೊ ನೋಡುವ ಕ್ರಮ ನಾನು ಹೇಳಿಕೊಟ್ಟಿದ್ದೆ. ಮೆನು ಒತ್ತು, ಗ್ಯಾಲರಿಗೆ ಹೋಗು, ಅದರೊಳಗೆ ಚಿತ್ರಗಳ ವಿಭಾಗ, ಸ್ವಲ್ಪ ಕಾಯಿ, ಬೇಕಾದದ್ದರ ಮೇಲೆ ನಿಂತು ನಡುವಿನ ಗುಂಡಿ, ದೊಡ್ಡದು ಬೇಕೆಂದರೆ ಪಕ್ಕದ ಗುಂಡಿ, ಸರಿಸಬೇಕೆಂದರೆ ಮತ್ತೆ ನಡುವಿನದು. ಅವಳು ಲಲಿತಾ ಸಹಸ್ರನಾಮವನ್ನು ಪುಸ್ತಕ ನೋಡದೆ ಹೇಳುವವಳು. ಇದು ಮಾತ್ರ ಬಾಯಿಪಾಠಕ್ಕೆ ಬರಲಿಲ್ಲ.

ನನ್ನ ಪಟ್ಟಿ ಉದ್ದವಿತ್ತು, ಆದರೂ ಆ ಜಗಲಿಯಲ್ಲಿ ಪಟ್ಟಿಗೆ ಬೆಲೆ ಬರಲಿಲ್ಲ. ನಾನು ಹೆಮ್ಮೆಪಟ್ಟ ವೈಶಿಷ್ಟ್ಯಗಳೆಲ್ಲ ಒಂದೊಂದು ಕೋಣೆಯಲ್ಲಿದ್ದವು. ಅಲ್ಲಿಗೆ ಹೋಗಲು ನಾನೇ ಬೇಕಿತ್ತು. ಆ ಮಧ್ಯಾಹ್ನ ನನಗೆ ಹೊಟ್ಟೆಕಿಚ್ಚಾಯಿತು. ಸಿಟ್ಟೂ ಬಂತು, ಅದು ಭಾವನ ಮೇಲಲ್ಲ, ಮೂಗು ನೋಡಿ ‘ಓ’ ಎಂದ ನೆಂಟರ ಮೇಲೆ. ಆ ಮೂಗಿನ ಫೋಟೊ 2 ಮೆಗಾಪಿಕ್ಸೆಲ್‌ನದು ಮಾರಾಯ್ರೆ!

ಸಂಜೆ ಸೇಡು ತೀರಿಸಿಕೊಂಡೆ. ಎನ್95ರ ಪೆಟ್ಟಿಗೆಯಲ್ಲಿ ಒಂದು ವೈರು ಕೊಡುತ್ತಿದ್ದರು. ಒಂದು ತುದಿ ಫೋನಿನ ಇಯರ್‌ಫೋನ್ ತೂತಿಗೆ, ಇನ್ನೊಂದು ತುದಿಯಲ್ಲಿ ಕೆಂಪು, ಬಿಳಿ, ಹಳದಿ ಮೂರು ಪಿನ್ನು, ಟಿವಿಯ ಹಿಂಬದಿಗೆ. ನಮ್ಮ ಟಿವಿ ಡಬ್ಬಿಯಂಥದ್ದು. ಅದನ್ನು ಗೋಡೆಯಿಂದ ಎಳೆದು, ಜೇಡರ ಬಲೆ ಒರೆಸಿ, ಬಣ್ಣಕ್ಕೆ ಬಣ್ಣ ಹೊಂದಿಸಿ, ರಿಮೋಟಿನಲ್ಲಿ ಎವಿ ಒತ್ತಿದೆ. ಫೋನಿನ ಪರದೆ ಹಾಗೆಯೇ ಟಿವಿಯಲ್ಲಿ ಮೂಡಿತು. ಹಿಂದಿನ ದಿನ ತೆಗೆದ ವಿಡಿಯೊ ಓಡಿತು. ಮಾತೃಭೋಜನ, ಭಿಕ್ಷೆ, ಬ್ರಹ್ಮೋಪದೇಶದ ಹೊತ್ತಿಗೆ ವಟು ಆಕಳಿಸಿದ್ದು, ಊಟದ ಪಂಕ್ತಿಯಲ್ಲಿ ಅತ್ತೆ ಬೇಡ ಬೇಡ ಎನ್ನುತ್ತಲೇ ಮೂರನೆಯ ಹೋಳಿಗೆಗೆ ಎಲೆಯಲ್ಲಿ ಜಾಗ ಮಾಡಿದ್ದು, ಎಲ್ಲವೂ. ಹಿಂದೆ ಇಂಥದ್ದಕ್ಕೆ ವಿಡಿಯೊ ಅಂಗಡಿಯವರು ಸಿಡಿ ಕೊಡುವವರೆಗೆ ತಿಂಗಳು ಕಾಯಬೇಕಿತ್ತು. ಇಲ್ಲಿ ಹೋಳಿಗೆ ಇನ್ನೂ ಡಬ್ಬಿಯಲ್ಲಿರುವಾಗಲೇ ಸಿನಿಮಾ. ಜಗಲಿಯ ಸಭೆ ಇಡಿಯಾಗಿ ನನ್ನ ಕಡೆ ವಾಲಿತು. ಐಫೋನು ಸ್ಟೂಲಿನ ಮೇಲೆ ಒಂಟಿಯಾಗಿ ಬಿದ್ದಿತ್ತು.

ಆಗ ಟಿವಿಯ ಮೇಲೆ ‘ಒಂದು ಹೊಸ ಸಂದೇಶ’ ಎಂದು ಬಂತು. ಫೋನು ಇದ್ದದ್ದು ವಟುವಿನ ಕೈಯಲ್ಲಿ. ನಾನು ಏಳುವಷ್ಟರಲ್ಲಿ ಅವನು ‘ತೋರಿಸು’ ಒತ್ತಿದ. 21 ಇಂಚಿನ ಪರದೆ ತುಂಬ ನನ್ನ ಸಹೋದ್ಯೋಗಿಯ ಎಸ್ಸೆಮ್ಮೆಸ್: ನಿನ್ನ ರಜೆಗೆ ಜ್ವರ ಅಂತ ಹೇಳಿದ್ದೇನೆ, ಹೋಳಿಗೆ ಹೊಡಿ. ನಮ್ಮ ಮ್ಯಾನೇಜರರ ಮಾವನ ಮನೆಯವರು ಎರಡನೆಯ ಸಾಲಿನಲ್ಲಿ ಕೂತಿದ್ದರು.

ಆ ಎಸ್ಸೆಮ್ಮೆಸ್ ಇದ್ದದ್ದೂ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ. ಬೇರೆ ದಾರಿ ಇರಲಿಲ್ಲ. ಅದರಲ್ಲೂ ಟಿ9 ಎಂಬ ಪದ ಊಹಿಸುವ ವ್ಯವಸ್ಥೆಯನ್ನು ನಂಬಿದರೆ ಮುಗಿಯಿತು. ಗುಂಡಿಗೆ ಮೂರು ನಾಲ್ಕು ಅಕ್ಷರ ಇದ್ದ ಕಾಲ. 2662 ಒತ್ತಿದರೆ ಅಮ್ಮನೂ ಅದೇ, ಅಣ್ಣನೂ ಅದೇ, ತಲೆ ಬಾಚುವ ಬಾಚಣಿಗೆಯೂ ಅದೇ. ಫೋನಿಗೆ ಗೊತ್ತಿದ್ದದ್ದು ಬಾಚಣಿಗೆ ಮಾತ್ರ. ಕನ್ನಡ ಪುಟಗಳನ್ನು ತೆರೆದರೆ ಬರೀ ಚೌಕಗಳು. ಆಗ ಕನ್ನಡದಲ್ಲಿ ಬರೆಯುವವರು ಅಂತರ್ಜಾಲದಲ್ಲಿ ಹುರುಪಿನಿಂದ ಬರೆಯುತ್ತಿದ್ದರು. ನನ್ನ 40,000ದ ಯಂತ್ರಕ್ಕೆ ಅವರೆಲ್ಲ ಬರೆದದ್ದು ಡಬ್ಬಿಗಳ ಸಾಲು. ಮುಂದೆ ಒಪೆರಾ ಮಿನಿ ಎಂಬ ಬ್ರೌಸರಿನ ಒಂದು ಗುಟ್ಟು ಬಾಯಿಂದ ಬಾಯಿಗೆ ಹಬ್ಬಿತು. ವಿಳಾಸದ ಜಾಗದಲ್ಲಿ ಒಪೆರಾದ ಮುಂದೆ ‘ಕಾನ್ಫಿಗ್’ ಎಂದು ಬರೆದು ಒಳಗೆ ಹೋದರೆ ಕೊನೆಯಲ್ಲೊಂದು ಸಾಲು, ಅದನ್ನು ‘ಎಸ್’ ಮಾಡಿದರೆ ಕನ್ನಡದ ಅಕ್ಷರಗಳು ಚಿತ್ರಗಳಾಗಿ ಬರುತ್ತಿದ್ದವು. ಒತ್ತಕ್ಷರ ಸರಿಯಾಗಿ ಒತ್ತಾಗಿ ಬಂದದ್ದನ್ನು ನೋಡಿ ರಾತ್ರಿ ಹನ್ನೊಂದಕ್ಕೆ ಹೆಂಡತಿಯನ್ನು ಎಬ್ಬಿಸಿದೆ. “ಬೆಳಿಗ್ಗೆ ಪೇಪರಿನಲ್ಲಿ ನೋಡ್ತೀನಿ,” ಎಂದು ಅವಳು ಮಗ್ಗುಲು ತಿರುಗಿದಳು. ನಾನು ಮಾತ್ರ ಆ ಪುಟವನ್ನು ಮೇಲಿಂದ ಕೆಳಗೆ, ಅಡಿಯ ಜಾಹೀರಾತಿನ ಸಮೇತ, ಓದಿದೆ.

ಬ್ಯಾಟರಿಯ ಮಾತು ಆಡದಿದ್ದರೆ ಎನ್95 ಬಳಸಿದವರು ನನ್ನನ್ನು ನಂಬಲಾರರು. ಅದು 950 ಎಂಎಎಚ್‌ನದು. ಕ್ಯಾಮೆರಾ, ಜಿಪಿಎಸ್, ವೈಫೈ ಎಲ್ಲವನ್ನೂ ಬಳಸಿ ಸಂಜೆಯವರೆಗೆ ಫೋನು ಉಳಿಯಲಿ ಎನ್ನುವುದು ದುರಾಸೆ ಎಂದು ಆಗಿನ ವಿಮರ್ಶಕರೇ ಬರೆದಿದ್ದರು. ಓಡಾಟದ ಮೆಮೊರಿ 64 ಎಂಬಿ, ಅದರಲ್ಲಿ ನಮಗೆ ಉಳಿಯುತ್ತಿದ್ದದ್ದು ಮೂರರಲ್ಲೊಂದು ಪಾಲು. ನಕಾಶೆ ತೆರೆದಿದ್ದಾಗ ಬ್ರೌಸರ್ ತೆರೆದರೆ ಹಾಡು ನಿಲ್ಲುತ್ತಿತ್ತು. ಹಾಗಾಗಿ ಮೆನು ಗುಂಡಿಯನ್ನು ಒತ್ತಿ ಹಿಡಿದು, ಓಡುತ್ತಿರುವುದರ ಪಟ್ಟಿ ತೆಗೆದು, ಒಂದೊಂದನ್ನೂ ‘ಸಿ’ ಗುಂಡಿಯಿಂದ ಮುಗಿಸುವುದು ಮಲಗುವ ಮುಂಚಿನ ಅಭ್ಯಾಸವಾಯಿತು. ಇದೇ ಕಂಪನಿ 2007ರ ಅಕ್ಟೋಬರಿನಲ್ಲಿ ಎನ್95 8ಜಿಬಿ ಎಂದು ಇನ್ನೊಂದನ್ನು ತಂದು, ಬ್ಯಾಟರಿಯನ್ನೂ ಮೆಮೊರಿಯನ್ನೂ ಹೆಚ್ಚಿಸಿ, ಲೆನ್ಸಿನ ಮೇಲಿನ ಜಾರುಮುಚ್ಚಳವನ್ನು ತೆಗೆದುಹಾಕಿತು. ಆ ಮುಚ್ಚಳ ಇದ್ದದ್ದು ನಮ್ಮಲ್ಲೇ ಎಂದು ಹಳೆಯ ಎನ್95 ಪಂಗಡದವರಾದ ನಾವು ಹೇಳಿಕೊಂಡು ತಿರುಗಿದೆವು. ಪಂಗಡ ಅಂದಮೇಲೆ ಹೇಳಿಕೊಳ್ಳಲು ಏನಾದರೂ ಬೇಕಲ್ಲ.

ಫೋನಿನೊಳಗೆ ಅಲುಗಾಟ ತಿಳಿಯುವ ಒಂದು ಸಾಧನವಿತ್ತು. ತೆಗೆದ ಫೋಟೊ ಅಡ್ಡವೋ ಉದ್ದವೋ ತಿಳಿಯಲೆಂದು ಇಟ್ಟದ್ದು. ಪ್ರಪಂಚದ ಯಾವುದೋ ಮೂಲೆಯ ಉತ್ಸಾಹಿಗಳು ಅದನ್ನು ಹಿಡಿದು, ಫೋನನ್ನು ಬೀಸಿದರೆ ಕತ್ತಿಯ ಸದ್ದು ಬರುವ ಪ್ರೋಗ್ರಾಂ ಮಾಡಿದರು. ಅಕ್ಕನ ಮಗ ಜನಿವಾರ ಹಾಕಿಕೊಂಡು, ದರ್ಭೆ ಹಿಡಿಯಬೇಕಾದ ಕೈಯಲ್ಲಿ ಎನ್95 ಹಿಡಿದು, ಅಂಗಳದಲ್ಲಿ ‘ಝೂಂ ಝೂಂ’ ಎಂದು ದೈತ್ಯಸಂಹಾರ ಮಾಡಿದ. ಕಡೆಯ ದೈತ್ಯ ಬಚ್ಚಲ ಗೋಡೆ. ಜಾರುವ ಪದರ ಅಲ್ಲಿಂದ ಮುಂದೆ ಒಂದು ಕಡೆ ಲೊಡಲೊಡ ಎನ್ನತೊಡಗಿತು. ಶಿವಮೊಗ್ಗದ ರಿಪೇರಿ ಅಂಗಡಿಯವನು ಕಣ್ಣಿಗೆ ಭೂತಗಾಜು ಇಟ್ಟು, “ಸ್ಟ್ರಿಪ್ ಹೋಗ್ತದೆ ಸಾರ್, ಜಾಸ್ತಿ ಜಾರಿಸಬೇಡಿ,” ಎಂದ. ಜಾರಿಸದೆ ಎನ್95 ಯಾಕೆ ಇಟ್ಟುಕೊಳ್ಳಬೇಕು?

ಮುಂದಿನದು ಎಲ್ಲರಿಗೂ ಗೊತ್ತಿರುವಂಥದ್ದು. ಐಫೋನು ಒಂದೊಂದೇ ‘ಇಲ್ಲ’ವನ್ನು ‘ಇದೆ’ ಮಾಡುತ್ತ ಬಂತು: 2008ರಲ್ಲಿ 3ಜಿ ಮತ್ತು ಜಿಪಿಎಸ್, 2009ರಲ್ಲಿ ವಿಡಿಯೊ, ಎಮ್ಮೆಮ್ಮೆಸ್, ಎತ್ತಿ ಹಾಕುವ ವಿದ್ಯೆ. ಅಷ್ಟರಲ್ಲಿ ಆಂಡ್ರಾಯ್ಡ್ ಬಂದಿತ್ತು. 2011ರ ಫೆಬ್ರುವರಿಯಲ್ಲಿ ನೋಕಿಯಾ ಸಿಂಬಿಯನ್ ಬಿಟ್ಟು ಮೈಕ್ರೋಸಾಫ್ಟ್ ಕೈ ಹಿಡಿಯಿತು, 2014ರ ಏಪ್ರಿಲ್‌ನಲ್ಲಿ ಫೋನಿನ ವ್ಯವಹಾರವನ್ನೇ ಅದಕ್ಕೆ ಒಪ್ಪಿಸಿತು. ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನಲ್ಲಿ 2006ರಲ್ಲಿ ಶುರುವಾಗಿದ್ದ ಅದರ ದೊಡ್ಡ ಕಾರ್ಖಾನೆ 2014ರ ನವೆಂಬರಿನಲ್ಲಿ ಬಾಗಿಲು ಹಾಕಿತು. ಅಪ್ಪ ಇರುವವರೆಗೂ 1100 ಬಿಡಲಿಲ್ಲ. ನಾನು ಎನ್95 ಆದಮೇಲೆ ಅದೆಷ್ಟು ಗಾಜಿನ ಹಲಗೆಗಳನ್ನು ಬದಲಿಸಿದೆನೋ, ಒಂದರ ಹೆಸರೂ ನೆನಪಿಲ್ಲ. ಈಗಿನದರಲ್ಲಿ ಆಕಾಶವಾಣಿಯ ಆ್ಯಪ್ ಇದೆ. ಭದ್ರಾವತಿ ಲಂಡನ್ನಿನ ಭಾವನಿಗೂ ಕೇಳುತ್ತದೆ. ಕೇಳಿಸಬೇಕಾದವರು ಇಲ್ಲ.

ಎನ್95 ಇದೆ. ಮೆಮೊರಿ ಕಾರ್ಡಿನ ಫೋಟೊ, ವಿಡಿಯೊಗಳನ್ನು ಎಂದೋ ಕಂಪ್ಯೂಟರಿಗೆ ಹಾಕಿದ್ದೇನೆ. ಆದರೆ ಎಸ್ಸೆಮ್ಮೆಸ್ಸುಗಳು ಕಾರ್ಡಿನಲ್ಲಿಲ್ಲ, ಫೋನಿನೊಳಗೇ ಇವೆ. ಅಪ್ಪ 1100ರಿಂದ ಕಳಿಸುತ್ತಿದ್ದ ಎರಡೆರಡು ಪದದ ಅಡಿಕೆ ಧಾರಣೆಗಳೂ ಅಲ್ಲೇ ಇವೆ. ಬ್ಯಾಟರಿ ಉಬ್ಬಿ ಹೋಗಿದೆ, ಅಂಗಡಿಗಳಲ್ಲಿ ಸಿಗುವುದು ಯಾವುದೂ ಹತ್ತು ನಿಮಿಷ ನಿಲ್ಲುವುದಿಲ್ಲ. ಓದುಗರಲ್ಲಿ ಯಾರ ಬಳಿಯಾದರೂ ಚೆನ್ನಾಗಿರುವ ಬಿಎಲ್-5ಎಫ್ ಇದ್ದರೆ ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ತಿಳಿಸಿ. ಬೆಲೆ ಎಷ್ಟಾದರೂ ಕೊಡುತ್ತೇನೆ. 5ಸಿ ಕಳಿಸಬೇಡಿ. ಅದು ಇದಕ್ಕೆ ಹೊಂದುವುದಿಲ್ಲ.